ಪಕ್ಷಾಂತರಿ ಆಟಗಾರ

ಹದಿನೇಳು ವರ್ಷ ಆಡಿದ ಮೇಲೆ ಅವನು ಕಳೆದ ತಿಂಗಳು ಕ್ರಿಕೆಟ್ ಬಿಟ್ಟ. ಬೇರೆಯವರು ಆಟ ಬಿಡುವಾಗ ಒಂದನ್ನು ಕೆಳಗಿಟ್ಟರೆ ಸಾಕು. ಬ್ಯಾಟ್ಸ್‌ಮನ್ ಬ್ಯಾಟು ಇಡುತ್ತಾನೆ, ಬೌಲರ್ ಚೆಂಡು ಇಡುತ್ತಾನೆ. ಇವನು ಎರಡನ್ನೂ ಇಡಬೇಕಾಯಿತು. ಹೆಸರು ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ, "ಸಾರ್, ಹೆಸರಿನ ಮುಂದೆ ಎಂತ ಹಾಕಿದ್ದೀರಿ, ಬೌಲರ್ ಅಂತಲಾ ಬ್ಯಾಟ್ಸ್‌ಮನ್ ಅಂತಲಾ?" ಎಂದು ಕೇಳುತ್ತಾನೆ. ಅದಕ್ಕೆ ಒಂದು ಪದದಲ್ಲಿ ಉತ್ತರ ಕೊಡಲು ನನ್ನಿಂದ ಆಗುವುದಿಲ್ಲ.

ನನ್ನ ಪರಿಚಯವನ್ನು ಬೇಗ ಮುಗಿಸುತ್ತೇನೆ. ಕುವೈತಿನಲ್ಲಿ ಏಸಿ ಅಳವಡಿಸುವ, ರಿಪೇರಿ ಮಾಡುವ ಒಂದು ಕಂಪನಿಯಲ್ಲಿ ನಾನು ಟೈಮ್‌ಕೀಪರ್. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಬರೆಯುವುದು ಕೆಲಸ. ಶುಕ್ರವಾರ, ರಜೆಯ ದಿನ, ಅದೇ ಕಂಪನಿಯ ಕ್ರಿಕೆಟ್ ತಂಡಕ್ಕೆ ಸ್ಕೋರರ್. ಹಾಸ್ಟೆಲ್ಲಿನ ಗಂಟೆಗೆ ಎದ್ದು ಬೆಳೆದವನಾದ್ದರಿಂದ ಬೆಳಗ್ಗೆ ನಾಲ್ಕೂವರೆಗೆ ತಾನಾಗಿ ಎಚ್ಚರವಾಗುತ್ತದೆ, ಕೈಬರಹವೂ ನೆಟ್ಟಗಿದೆ. ಈ ಎರಡು ಅರ್ಹತೆ ನೋಡಿ ನಮ್ಮ ಮುದೀರ್ ಆ ಕೆಲಸ ಕೊಟ್ಟರು. ಇಲ್ಲಿ ಮ್ಯಾನೇಜರಿಗೆ ಮುದೀರ್ ಅನ್ನುವುದು. ಹೈದರಾಬಾದಿನವರು, ತಂಡದ ಕ್ಯಾಪ್ಟನ್ನೂ ಅವರೇ. ಹೊಟ್ಟೆ ಬೆಳೆದು ಓಡಲಾಗದೆ ಬಹಳ ವರ್ಷದಿಂದ ಸ್ಲಿಪ್ಪಿನಲ್ಲಿ ನಿಲ್ಲುತ್ತಾರೆ. ಚೆಂಡು ಅವರ ಕಡೆ ಹೊರಟಿತೆಂದರೆ ನಾನು ಕಾಯದೆ ನಾಲ್ಕು ಎಂದು ಬರೆದುಬಿಡಬಹುದು. ಆದರೂ ಕಾಯುತ್ತೇನೆ, ನಿಯಮ ನಿಯಮವೇ.

ಇಲ್ಲಿನ ಶುಕ್ರವಾರದ ಕ್ರಿಕೆಟ್ಟಿನಲ್ಲಿ ಹುಲ್ಲಿಲ್ಲ. ಗಟ್ಟಿ ಮರಳಿನ ಮೈದಾನ, ನಡುವೆ ಸಿಮೆಂಟಿನ ಪಿಚ್ಚು, ಅದರ ಮೇಲೆ ಬಿಗಿದ ಹಸಿರು ಚಾಪೆ. ಬೆಳಕು ಹರಿಯುವಾಗ ಟಾಸ್, ಜುಮ್ಮಾ ನಮಾಜಿಗೆ ಮುಂಚೆ ಆಟ ಮುಗಿಯಬೇಕು. ಕಂಪನಿ ಕಂಪನಿಗಳ ನಡುವೆ ಪಂದ್ಯ. ಆಡುವವರೆಲ್ಲ ನೌಕರರೇ. ಆದರೆ ಕೆಲವರು ನೌಕರಿಗೆ ಬಂದು ಆಟಕ್ಕೆ ಸೇರಿದವರು, ಕೆಲವರು ಆಟಕ್ಕೆಂದೇ ನೌಕರಿಗೆ ಬಂದವರು.

ಇವನು ಎರಡನೇ ಜಾತಿ. ಮಂಗಳೂರಿನ ಆಚೆ ಕಡಲ ಬದಿಯ ಊರಿನ ಬ್ಯಾರಿ. ಇಕಾಮಾದಲ್ಲಿ, ಎಂದರೆ ಇಲ್ಲಿ ಇರಲು ಕೊಡುವ ಪರವಾನಗಿಯಲ್ಲಿ, ಇವನ ಹುದ್ದೆ ಸ್ಟೋರ್ ಸಹಾಯಕ. ಯಾರಾದರೂ ಏನು ಕೆಲಸ ಎಂದು ಕೇಳಿದರೆ ಮಾತ್ರ ಎದೆ ಮುಂದೆ ಮಾಡಿ, "ಪ್ರೊಫೆಷನಲ್ ಕ್ರಿಕೆಟ್. ಕಂಪ್ರೆಸರ್ ಎತ್ತುದು ಸೈಡಿಗೆ" ಅನ್ನುತ್ತಿದ್ದ.

ಅವನ ಸಂದರ್ಶನ ನಡೆದದ್ದು ಗೋದಾಮಿನ ಅಂಗಳದಲ್ಲಿ. ಏರ್‌ಪೋರ್ಟಿನಿಂದ ನೇರವಾಗಿ ಅಲ್ಲಿಗೇ ತಂದಿದ್ದರು; ಪೆಟ್ಟಿಗೆಗೆ ಕಟ್ಟಿದ ಹಗ್ಗವನ್ನೂ ಬಿಚ್ಚಿರಲಿಲ್ಲ. ಮುದೀರ್ ಸರ್ಟಿಫಿಕೇಟು ಕೇಳಲಿಲ್ಲ. ಖಾಲಿ ಗ್ಯಾಸ್ ಸಿಲಿಂಡರೊಂದನ್ನು ದೂರದಲ್ಲಿ ನಿಲ್ಲಿಸಿ, ಕೈಗೆ ಚೆಂಡು ಕೊಟ್ಟು, "ಯಲ್ಲಾ, ಹಾಕು" ಎಂದರು. ಅವನು ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಲಾರಿಯ ಹಿಂದಿನಿಂದ ಓಡಿ ಬಂದ. ಸಿಲಿಂಡರ್ ಗಂಟೆ ಹೊಡೆದ ಹಾಗೆ ಸದ್ದು ಮಾಡಿತು. ಪಕ್ಕದ ಗ್ಯಾರೇಜಿನ ಕಾವಲುಗಾರ ಏನೋ ಸಿಡಿಯಿತೆಂದು ಹೊರಗೆ ಓಡಿ ಬಂದ.

"ಪಾಸ್" ಎಂದರು ಮುದೀರ್. "ಬ್ಯಾಟಿಂಗ್ ಬರುತ್ತದಾ?"

"ಬ್ಯಾಟಿಂಗಾ?" ಎಂದ ಇವನು, ಪಾತ್ರೆ ತೊಳೆಯಲು ಬರುತ್ತದಾ ಎಂದು ಕೇಳಿದವರನ್ನು ನೋಡುವ ಹಾಗೆ ನೋಡಿ. "ಅದಕ್ಕೆ ಬೇರೆ ಜನ ಇಲ್ವಾ?"

ನಮ್ಮ ಲೀಗಿನಲ್ಲಿ ಒಂದು ಸೌಕರ್ಯವಿದೆ. ಹನ್ನೊಂದರ ಬದಲು ಹನ್ನೆರಡು ಹೆಸರು ಕೊಡಬಹುದು. ಹತ್ತು ಮಂದಿ ಎಲ್ಲವನ್ನೂ ಮಾಡುತ್ತಾರೆ. ಉಳಿದಿಬ್ಬರಲ್ಲಿ ಒಬ್ಬನಿಗೆ ಬ್ಯಾಟಿಂಗ್ ಮಾತ್ರ, ಅವನು ಮೈದಾನಕ್ಕಿಳಿದು ಚೆಂಡು ಮುಟ್ಟುವಂತಿಲ್ಲ. ಇನ್ನೊಬ್ಬನಿಗೆ ಬೌಲಿಂಗು, ಫೀಲ್ಡಿಂಗು ಮಾತ್ರ, ಅವನು ಬ್ಯಾಟು ಹಿಡಿಯುವಂತಿಲ್ಲ. ಟಾಸಿಗೆ ಮುಂಚೆ ಸ್ಕೋರರ್ ಆದವನು ಹನ್ನೆರಡು ಹೆಸರನ್ನೂ ಶಾಯಿಯಲ್ಲಿ ಫಾರಮ್ಮಿಗೆ ಬರೆದು ಕ್ಯಾಪ್ಟನ್ನಿನ ಸಹಿ ಹಾಕಿಸಿ ಕೊಡಬೇಕು. ಆಮೇಲೆ ತಿದ್ದುವಂತಿಲ್ಲ. ಫಾರಮ್ಮಿನ ಕೆಳಗೆ ಎರಡು ಚೌಕ: ಎಡಕ್ಕೆ ಬ್ಯಾಟಿಂಗ್ ಮಾತ್ರ, ಬಲಕ್ಕೆ ಬೌಲಿಂಗ್ ಮಾತ್ರ. ಇವನ ಹೆಸರು ಬಲಗಡೆಯ ಚೌಕದಲ್ಲಿ ಐದು ವರ್ಷ ಭದ್ರವಾಗಿ ಕೂತಿತ್ತು.

ಆ ಐದು ವರ್ಷ ಅವನ ಬಾಯಲ್ಲಿ ಬ್ಯಾಟ್ಸ್‌ಮನ್ನುಗಳ ಬಗ್ಗೆ ಒಂದು ಒಳ್ಳೆಯ ಮಾತು ಕೇಳಿದವರಿಲ್ಲ.

"ಬ್ಯಾಟ್ಸ್‌ಮನ್ ಅಂದ್ರೆ ಯಾರು ಸಾರ್? ನಾನು ಕೊಟ್ಟದ್ದನ್ನು ವಾಪಸ್ ಕಳಿಸುವವ. ನಾನು ಕೊಡದಿದ್ರೆ ಅವನ ಹತ್ರ ಎಂತ ಉಂಟು? ಒಂದು ಮರದ ತುಂಡು."

ಬೌಲರ್ ಆಗಿದ್ದಾಗ ಅವನ ನಡಿಗೆಯೇ ಬೇರೆ. ಆಫೀಸಿನ ಕಾರಿಡಾರಿನಲ್ಲೂ ಹತ್ತು ಹೆಜ್ಜೆ ಓಡಿ ಬಂದು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದ. ಹಾಜರಿ ಪುಸ್ತಕಕ್ಕೆ ಸಹಿ ಹಾಕುವ ಮುಂಚೆ ಪೆನ್ನನ್ನು ಪ್ಯಾಂಟಿಗೆ ತಿಕ್ಕುತ್ತಿದ್ದ. ಪಂದ್ಯದ ಬೆಳಗ್ಗೆ ಹಿಂದಿನ ದಿನದ ಅಕ್ಕಿ ಪತ್ತಿರಿ, ಮಾಂಸದ ಸಾರು ಭರ್ತಿ ತಿಂದು ಬರುತ್ತಿದ್ದ. "ಬೌಲರ್ ಅಂದ್ರೆ ಲಾರಿ ಸಾರ್, ಡೀಸೆಲ್ ಬೇಕು. ಬ್ಯಾಟ್ಸ್‌ಮನ್ ಅಂದ್ರೆ ಹೂವಿನ ಕುಂಡ, ಒಂದು ಲೋಟ ನೀರು ಸಾಕು."

ಆರನೇ ವರ್ಷ ಲಾರಿ ಕೆಟ್ಟಿತು. ಸ್ಟೋರಿನಲ್ಲಿ ಒಂದು ಕಂಪ್ರೆಸರನ್ನು ಇಬ್ಬರು ಎತ್ತಬೇಕಾದ ಕಡೆ ಒಬ್ಬನೇ ಎತ್ತಲು ಹೋಗಿ ಬಲ ಹೆಗಲು ಉಳುಕಿಸಿಕೊಂಡ. ಡಾಕ್ಟರು ಕೈಯನ್ನು ಕಿವಿಗಿಂತ ಮೇಲೆ ಎತ್ತಬಾರದು ಎಂದರು. ಮುದೀರ್ ಅವನನ್ನು ಕರೆಸಿ ಬೇಸರದಿಂದಲೇ ಹೇಳಿದರು. (ಅವರ ಹೈದರಾಬಾದಿ ಹಿಂದಿಯನ್ನು ನಾನು ಕನ್ನಡ ಮಾಡಿ ಕೊಡುತ್ತಿದ್ದೇನೆ.) "ನೋಡು ಭಾಯಿ, ಸ್ಟೋರಿಗೆ ಜನ ಎಷ್ಟು ಬೇಕಾದರೂ ಇದ್ದಾರೆ. ನಿನ್ನನ್ನು ತಂದದ್ದು ಚೆಂಡಿಗೆ. ಇಕಾಮಾ ಮುಗಿಯಲು ಮೂರು ತಿಂಗಳು ಇದೆ. ಅಷ್ಟರಲ್ಲಿ ಏನು ಮಾಡುತ್ತೀಯೋ ಮಾಡು."

ಅವನು ನನ್ನ ಮೇಜಿಗೆ ಬಂದ. ಓಡಿ ಬರಲಿಲ್ಲ, ನಡೆದು ಬಂದ.

"ಸಾರ್, ನನ್ನನ್ನು ಎಡಗಡೆ ಚೌಕಕ್ಕೆ ಹಾಕಿ."

"ಬ್ಯಾಟಿಂಗಾ? ಏನಯ್ಯಾ, ಐದು ವರ್ಷದಲ್ಲಿ ನೀನು ಬ್ಯಾಟು ಹಿಡಿದು ನಿಂತದ್ದನ್ನೇ ನಾನು ನೋಡಿಲ್ಲ."

"ಅದಕ್ಕೇ ಸಾರ್. ಯಾರೂ ನೋಡಿಲ್ಲ. ನನಗೆ ಬರುದಿಲ್ಲ ಅಂತ ಯಾರಿಗೂ ಗೊತ್ತಿಲ್ಲ."

ಅವನೂ, ನಾನು ನನ್ನ ಹೆಂಡತಿಯೂ ಮೈದಾನ್ ಹವಲ್ಲಿ ಎಂಬ ಬಡಾವಣೆಯಲ್ಲಿ ಒಂದೇ ಕಟ್ಟಡದಲ್ಲಿ ಇದ್ದೆವು. ಅವನು ಕೆಳಗೆ, ಐದು ಜನರ ಜೊತೆ ಒಂದು ಕೋಣೆಯಲ್ಲಿ. ನಾವು ಮೂರನೇ ಮಹಡಿ. ಅವನು ಹಳೆಯ ಕಾಲುಚೀಲದಲ್ಲಿ ಚೆಂಡು ಹಾಕಿ ಕೋಣೆಯ ಫ್ಯಾನಿನ ಕೊಕ್ಕೆಗೆ ನೇತುಹಾಕಿ ಹೊಡೆಯಲು ಶುರು ಮಾಡಿದ. ಎರಡನೇ ದಿನ ಟ್ಯೂಬ್‌ಲೈಟು ಹೋಯಿತು, ಮೂರನೇ ದಿನ ಒಬ್ಬನ ಚಹಾದ ಲೋಟ ಹೋಯಿತು, ನಾಲ್ಕನೇ ದಿನ ಇವನನ್ನೇ ಹೊರಗೆ ಕಳಿಸಿದರು. ನಾನು ಕಟ್ಟಡದ ಹಾರಿಸ್‌ನನ್ನು ಕೇಳಿ, ಎಂದರೆ ಕಾವಲು ನೋಡಿಕೊಳ್ಳುವವನನ್ನು ಕೇಳಿ, ತಾರಸಿಯ ಬೀಗದ ಕೈ ತೆಗೆಸಿಕೊಟ್ಟೆ. ನಾಲ್ಕು ಮುಕ್ಕಾಲರಿಂದ ಐದೂವರೆ. ಒಂದು ನಿಮಿಷ ತಡವಾದರೆ ಅಂದಿನ ಅಭ್ಯಾಸ ರದ್ದು. ಮೂರು ತಿಂಗಳಲ್ಲಿ ಎರಡು ಸಲ ರದ್ದಾಯಿತು. ಒಂದು ಸಲ ಧೂಳಿನ ಬಿರುಗಾಳಿಗೆ, ಒಂದು ಸಲ ಅವನ ನಿದ್ದೆಗೆ.

ಚೆಂಡಿನ ಟಪ್ ಟಪ್ ಸದ್ದು ಕೇಳಿ ನನ್ನ ಹೆಂಡತಿ ಒಂದು ದಿನ ಮೇಲೆ ಬಂದಳು. ಅವನು ಬೆವರಿ ನಿಂತಿದ್ದ.

"ಏನಪ್ಪಾ, ಬ್ಯಾಟ್ಸ್‌ಮನ್ನುಗಳು ಕೆಲಸಕ್ಕೆ ಬಾರದೋರು ಅಂತಿದ್ದೆ?"

"ಅದು ಹಳೇ ವಿಷಯ ಅಕ್ಕ."

"ಹೋದ ವಾರ ಅಂದಿದ್ದೆ."

"ಅದನ್ನೇ ಹೇಳಿದ್ದು, ಹಳೇದು."

ಅಂದಿನಿಂದ ನಮ್ಮ ಮನೆಯಲ್ಲಿ ಅವನಿಗೆ ಪಕ್ಷಾಂತರಿ ಎಂದು ಹೆಸರಾಯಿತು. ಹೆಂಡತಿ ಚಟ್ನಿ ತಿರುವುತ್ತಲೇ, "ನಿಮ್ಮ ಪಕ್ಷಾಂತರಿಗೆ ಇಡ್ಲಿ ಕೊಟ್ಟು ಬನ್ನಿ" ಅನ್ನುತ್ತಿದ್ದಳು.

ಅವನು ಬ್ಯಾಟ್ಸ್‌ಮನ್ ಆದ, ಚೆನ್ನಾಗಿಯೇ ಆದ. ಬಲಗೈ ಮೇಲೆತ್ತಲಾಗದ್ದರಿಂದ ಹೊಡೆತಗಳೆಲ್ಲ ಸೊಂಟದಿಂದ ಕೆಳಗೆ. ಗುಡಿಸುವವನ ಹಾಗೆ ಬಗ್ಗಿ ಎಡಕ್ಕೆ ಎಳೆಯುತ್ತಿದ್ದ. ಮರಳಿನ ಮೇಲೆ ಚೆಂಡು ಹಾವಿನ ಹಾಗೆ ಹೋಗುತ್ತಿತ್ತು. ಆ ಒಂದೇ ಹೊಡೆತದ ಮೇಲೆ ಆರು ವರ್ಷ ಬದುಕಿದ. ನಡಿಗೆ ಬದಲಾಯಿತು. ಕಾರಿಡಾರಿನಲ್ಲಿ ಓಡುವುದು ಹೋಗಿ ಮೆಲ್ಲಗೆ, ಕೈಗವಸಿನ ಬೆರಳು ಒಂದೊಂದಾಗಿ ಎಳೆಯುವ ಹಾಗೆ ಬರಿಗೈಯ ಬೆರಳು ಎಳೆದುಕೊಳ್ಳುತ್ತ ಬರುತ್ತಿದ್ದ. ಮಾಂಸ ಬಿಟ್ಟು ಪಂದ್ಯದ ಬೆಳಗ್ಗೆ ಎರಡು ಖರ್ಜೂರ, ಒಂದು ಮೊಟ್ಟೆ. ಎಗೈಲಾದ ಶಾಪಿಂಗ್ ಮಾಲ್‌ಗೆ ಒಮ್ಮೆ ನಮ್ಮ ಜೊತೆ ಬಂದಿದ್ದ. ಪ್ಯಾಂಟು ಹಾಕಿ ನೋಡುತ್ತೇನೆ ಎಂದು ಟ್ರಯಲ್ ರೂಮಿಗೆ ಹೋದವನು ಬರಲೇ ಇಲ್ಲ. ಹೊರಗೆ ಸಾಲು ಬೆಳೆಯಿತು. ಕೊನೆಗೆ ಅಂಗಡಿಯ ಹುಡುಗಿ ನನ್ನನ್ನು ಕರೆದಳು. ಬಾಗಿಲು ತಟ್ಟಿದೆ. ಅವನು ಮಡಚಿದ ಛತ್ರಿ ಹಿಡಿದು ಕನ್ನಡಿಯ ಮುಂದೆ ಬಗ್ಗಿ ನಿಂತಿದ್ದ.

"ಸಾರ್, ನನ್ನ ಎಡ ಮೊಣಕೈ ಹೊರಗೆ ಹೋಗ್ತದೆ. ಯಾಕೆ ನೀವು ಹೇಳ್ಲಿಲ್ಲ?"

ಅವನ ಸಿದ್ಧಾಂತವೂ ಪೂರ್ತಿ ತಿರುಗಿತ್ತು. "ಬೌಲರದ್ದು ಎಂತ ಜೀವನ ಸಾರ್? ಅಷ್ಟು ದೂರದಿಂದ ಓಡಿ ಬರುದು, ಇನ್ನೊಬ್ಬನಿಗೆ ಕೊಟ್ಟು ಹೋಗುದು. ಪೋಸ್ಟ್‌ಮ್ಯಾನ್. ಓದುವವರು ನಾವು."

"ನೀನೂ ಐದು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದೆಯಲ್ಲಯ್ಯಾ."

"ಆಗ ನನಗೆ ಅಕ್ಷರ ಬರ್ತಿರ್ಲಿಲ್ಲ ಸಾರ್."

ಆರು ವರ್ಷದ ಮೇಲೆ ಮುದೀರ್ ಊರಿಗೆ ಹೋಗಿ ಬರುವಾಗ ಇಬ್ಬರು ಬ್ಯಾಟ್ಸ್‌ಮನ್ನುಗಳನ್ನು ಆರಿಸಿಕೊಂಡು ಬಂದರು. ಮೂವತ್ತು ತುಂಬದವರು, ಎಲ್ಲ ಕಡೆಗೂ ಹೊಡೆಯುವವರು. ಎಡಗಡೆಯ ಚೌಕ ಇಕ್ಕಟ್ಟಾಯಿತು. ಬೌಲರುಗಳಿಗೆ ಬರ. ಮುದೀರ್ ಇವನ ಹೆಗಲು ತಟ್ಟಿ ನೋಡಿದರು, ಕುದುರೆ ಕೊಳ್ಳುವವರು ನೋಡುವ ಹಾಗೆ. "ಈಗ ನೋವಿದೆಯಾ?"

"ಇಲ್ಲ ಮುದೀರ್, ಸಮಾ ಉಂಟು" ಎಂದ. ಸುಳ್ಳು. ವೇಗವಾಗಿ ಎಸೆದರೆ ರಾತ್ರಿ ಮಗ್ಗುಲಾಗಲು ಆಗುತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಸಲ್ವಾ ಬಡಾವಣೆಯಲ್ಲಿ. ಒಂದು ವಿಲ್ಲಾಗೆ ಏಸಿಯ ಬಿಡಿಭಾಗ ಕೊಡಲು ಹೋಗಿದ್ದವನು ಮೆಕ್ಯಾನಿಕ್ ಬರುವ ತನಕ ಅಂಗಳದಲ್ಲಿ ಕಾಯುತ್ತಿದ್ದ. ಆ ಮನೆಯ ಅಡುಗೆಯವನು ಶ್ರೀಲಂಕಾದವನು. ಇಬ್ಬರು ಕ್ರಿಕೆಟ್ಟಿನವರು ಸೇರಿದರೆ ಏನಾಗುತ್ತದೋ ಅದೇ ಆಯಿತು. ಅಡುಗೆಯವನು ಪೊರಕೆ ಹಿಡಿದು ನಿಂತ, ಇವನು ಒಂದು ನಿಂಬೆಹಣ್ಣು ಎಸೆದ. ಹೆಗಲಿಗೆ ಹೆದರಿ ಬಹಳ ಮೆಲ್ಲಗೆ ಎಸೆದ. ಅಡುಗೆಯವನು ಪೊರಕೆ ಬೀಸಿದ. ನಿಂಬೆಹಣ್ಣು ಇನ್ನೂ ಬಂದಿರಲಿಲ್ಲ. ಮೂರು ಸಲ ಹಾಗೇ ಆಯಿತು. ನನಗೆ ಫೋನ್ ಬಂತು, ಕೆಲಸದ ಹೊತ್ತಿನಲ್ಲಿ.

"ಸಾರ್, ಸಿಕ್ಕಿತು!"

"ಏನು ಸಿಕ್ಕಿತು? ಎಲ್ಲಿದ್ದೀಯ? ಹತ್ತೂ ಹತ್ತಕ್ಕೆ ವಾಪಸ್ ಬರಬೇಕಿತ್ತು."

"ತಡ ಸಾರ್! ತಡ ಮಾಡುದೇ ಗುಟ್ಟು! ಅವ ಹೊಡೆದು ಮುಗಿಸಿದ ಮೇಲೆ ಚೆಂಡು ಬರ್ಬೇಕು!"

ಟೈಮ್‌ಕೀಪರಿಗೆ ಫೋನ್ ಮಾಡಿ ತಡದ ಮಹಿಮೆ ಹೇಳಿದ ಮನುಷ್ಯ ಅವನೊಬ್ಬನೇ. ಹಾಜರಿಯಲ್ಲಿ ಇಪ್ಪತ್ತು ನಿಮಿಷ ಕಡಿಮೆ ಬರೆದೆ. ಮುಂದಿನ ಶುಕ್ರವಾರ ಬಲಗಡೆಯ ಚೌಕದಲ್ಲಿ ಹೆಸರೂ ಬರೆದೆ.

ನಿಧಾನದ ಬೌಲರ್ ಆಗಿ ಆರು ವರ್ಷ ಕಳೆದ. ಕೊನೆಕೊನೆಗೆ ಅವನ ಚೆಂಡು ಕೈಬಿಟ್ಟ ಮೇಲೆ ನಾನು ಪೆನ್ಸಿಲ್ಲಿಗೆ ಮೊನೆ ಮಾಡಿಕೊಳ್ಳುವಷ್ಟು ಪುರುಸೊತ್ತು ಇರುತ್ತಿತ್ತು. ಎದುರಾಳಿಗಳು ಗುಟ್ಟು ಕಲಿತರು, ಕಾದು ಹೊಡೆಯತೊಡಗಿದರು. ಅವನಿಗೆ ನಲವತ್ತಮೂರಾಗಿತ್ತು. ಈ ವರ್ಷದ ಫೈನಲ್ಲಿಗೆ ಮುಂಚಿನ ಗುರುವಾರ ಸಂಜೆ ಗೋದಾಮಿನ ಅಂಗಳದಲ್ಲಿ, ಎಲ್ಲರ ಎದುರಿಗೆ, ಮುದೀರ್ ಹೇಳಿದರು:

"ನಾಳೆ ನೀನು ಗೆಲ್ಲಿಸಿಕೊಟ್ಟರೆ ಎರಡು ವರ್ಷ ಇಕಾಮಾ. ಇಲ್ಲದಿದ್ದರೆ ಖಲಾಸ್, ಊರಿನ ಟಿಕೆಟ್."

ಅವನು ನಗುತ್ತಲೇ ತಲೆಯಾಡಿಸಿದ. ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ಪಕ್ಕ ಕೂತ. ಆಮೇಲೆ, "ಮಗಳ ನರ್ಸಿಂಗ್ ಮುಗೀಲಿಕ್ಕೆ ಸಮಾ ಎರಡು ವರ್ಷ ಉಂಟು ಸಾರ್. ಮುದೀರಿಗೆ ಹೇಗೆ ಗೊತ್ತಾಯ್ತೋ" ಎಂದ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಫೈನಲ್ ಎಂದು ಲೀಗಿನವರು ಹೊಸ ಫಾರಮ್ಮು ಅಚ್ಚು ಹಾಕಿಸಿದ್ದರು. ದಪ್ಪ ಕಾಗದ, ಮೇಲೆ ಟ್ರೋಫಿಯ ಚಿತ್ರ. ಬೆಳಗ್ಗೆ ಐದೂವರೆಗೆ ಕೈಗೆ ಬಂತು. ನಾನು ಹತ್ತು ಹೆಸರು ಬರೆದೆ. ಎಡಗಡೆಯ ಚೌಕದಲ್ಲಿ ಮುದೀರ್ ಊರಿನಿಂದ ತಂದ ಆ ಇಬ್ಬರು ಬ್ಯಾಟ್ಸ್‌ಮನ್ನುಗಳಲ್ಲಿ ದೊಡ್ಡವನ ಹೆಸರು ಬರೆದೆ, ಬಲಗಡೆಯ ಚೌಕದಲ್ಲಿ ಇವನ ಹೆಸರು. ಮುದೀರ್ ಕನ್ನಡಕ ಕಾರಿನಲ್ಲಿದೆ ಎಂದು ಹಾಗೇ ಸಹಿ ಹಾಕಿದರು. ಐದು ಮೂವತ್ತೆಂಟಕ್ಕೆ ಒಪ್ಪಿಸಿದೆ. ಹೊಸ ಫಾರಮ್ಮಿನಲ್ಲಿ ಎರಡು ಚೌಕಗಳನ್ನೂ ಅದಲುಬದಲು ಮಾಡಿದ್ದರು. ಚೌಕದ ಮೇಲೆ ಸ್ಪಷ್ಟವಾಗಿ ಬರೆದಿತ್ತು. ಹದಿನೇಳು ವರ್ಷ ಒಂದೇ ಕಡೆ ಬರೆದ ಕೈ ಕಣ್ಣನ್ನು ಕೇಳಲಿಲ್ಲ.

ನಮ್ಮದು ಮೊದಲು ಫೀಲ್ಡಿಂಗ್. ನಾಲ್ಕನೇ ಓವರಿಗೆ ಇವನು ಚೆಂಡು ಪ್ಯಾಂಟಿಗೆ ತಿಕ್ಕಿ ಹೆಜ್ಜೆ ಗುರುತು ಹಾಕುವಾಗ ಎದುರಾಳಿ ಸ್ಕೋರರ್ ನನ್ನ ಪಕ್ಕದಿಂದ ಎದ್ದು ನಿಂತು ಕೈ ಬೀಸಿದ. ಅಂಪೈರ್ ಬಂದರು, ಫಾರಮ್ಮು ನೋಡಿದರು, ಇವನ ಕೈಯಿಂದ ಚೆಂಡು ತೆಗೆದುಕೊಂಡರು. ಬ್ಯಾಟಿಂಗ್ ಮಾತ್ರದವನು ಮೈದಾನದಲ್ಲಿ ಇರುವಂತಿಲ್ಲ. ಅಷ್ಟೇ ಅಲ್ಲ, ನೆರಳಿನಲ್ಲಿ ಪ್ಯಾಡು ಹಚ್ಚಿಕೊಂಡು ಫೋನ್ ನೋಡುತ್ತಿದ್ದ ನಮ್ಮ ಅತಿ ದೊಡ್ಡ ಬ್ಯಾಟ್ಸ್‌ಮನ್ನಿಗೆ ಅಂದು ಬ್ಯಾಟಿಂಗೇ ಇಲ್ಲ. ಅವನು ಪ್ಯಾಡು ಬಿಚ್ಚಿ ಫೀಲ್ಡಿಂಗಿಗೆ ಇಳಿಯಬೇಕು.

ಮುದೀರ್ ಸ್ಲಿಪ್ಪಿನಿಂದ ಸ್ಕೋರ್ ಮೇಜಿನವರೆಗೆ ಓಡಿ ಬಂದರು. ಅವರು ಓಡಿದ್ದನ್ನು ನಾನು ಅಂದೇ ನೋಡಿದ್ದು.

"ಚಾಚಾ! ಇದು ಯಾರ ಕೈಬರಹ?"

"ನನ್ನದು."

"ಸಹಿ ಯಾರದು?" ಎಂದು ತಾವೇ ಬಗ್ಗಿ ನೋಡಿ, ತಮ್ಮದನ್ನೇ ಕಂಡು, ಸ್ಲಿಪ್ಪಿಗೆ ವಾಪಸ್ ನಡೆದರು.

ಇವನು ಬಂದು ನನ್ನ ಛತ್ರಿಯ ಕೆಳಗೆ ಕೂತ. ನನಗೆ ಅವನ ಮುಖ ನೋಡಲು ಆಗಲಿಲ್ಲ. ಪೆನ್ಸಿಲ್ ಮಾತ್ರ ನೋಡುತ್ತಿದ್ದೆ.

"ತಪ್ಪು ನನ್ನದು" ಎಂದೆ. "ಮುದೀರಿಗೆ ನಾನೇ ಹೇಳುತ್ತೇನೆ."

"ಎಂತ ಹೇಳ್ತೀರಿ? ಅವರು ನಿಮ್ಮನ್ನು ನೋಡಿದ ಹಾಗೆ ನನ್ನನ್ನು ನೋಡಿದ್ರೆ ನಾನು ಈಗ್ಲೇ ಏರ್‌ಪೋರ್ಟಿಗೆ ಹೋಗ್ತಿದ್ದೆ." ಖಾಲಿ ಕೈಯನ್ನು ಪ್ಯಾಂಟಿಗೆ ತಿಕ್ಕಿ, "ಮಗಳಿಗೆ ಎಂತ ಹೇಳುದು ಸಾರ್? ಸಾರ್ ತಪ್ಪು ಡಬ್ಬಿಯಲ್ಲಿ ಹಾಕಿದ್ರು ಅಂತಲಾ?" ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು. ಬೂಟಿನ ತುದಿಯಿಂದ ಮರಳು ಕೆದಕುತ್ತ ಕೂತ.

ಅಷ್ಟರಲ್ಲಿ ಮುದೀರ್ ಬೌಲರ್ ಸಾಲದೆ ಆ ದೊಡ್ಡ ಬ್ಯಾಟ್ಸ್‌ಮನ್ನಿನ ಕೈಗೇ ಚೆಂಡು ಕೊಟ್ಟರು. ಅವನು ಜನ್ಮದಲ್ಲಿ ಬೌಲಿಂಗ್ ಮಾಡಿದವನಲ್ಲ. ಮೊದಲ ಎಸೆತ ಮುದೀರರ ಕಡೆಗೇ ಹೋಯಿತು, ಎರಡನೆಯದು ಅಂಪೈರಿನ ಹಿಂದೆ ಬಿತ್ತು. ಇವನಿಗೆ ತಡೆಯಲಾಗಲಿಲ್ಲ.

"ಪಿಚ್ಚು ಆ ಕಡೆ ಉಂಟು ಅಂತ ಯಾರಾದ್ರೂ ಹೇಳಿ ಮಾರಾಯ್ರೆ! ಸಾರ್, ಇದನ್ನು ಎಂತ ಅಂತ ಬರೀತೀರಿ?"

"ವೈಡ್."

"ಬೇರೆ ಊರಿಗೆ ಹೋದ್ರೂ ವೈಡೇ?"

ಒಂದು ಓವರಿಗೆ ನಾನು ಹದಿನೈದು ಗುರುತು ಹಾಕಿದೆ. ಅವನು ಅಷ್ಟೂ ಹೊತ್ತು ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಆ ನೀರು ಪೂರ್ತಿ ನಗುವಿನದ್ದಲ್ಲ ಎಂದು ನನಗೆ ಗೊತ್ತಿತ್ತು.

ನಮ್ಮ ಬ್ಯಾಟಿಂಗಿನಲ್ಲಿ ಮುದೀರ್ ಸಿಟ್ಟಿನಿಂದ ಇವನನ್ನು ಎಲ್ಲರ ಹಿಂದೆ ಇಟ್ಟರು. ಬಿಸಿಲು ಏರಿತು. ಕೊನೆಯ ಓವರಿನ ಐದನೇ ಎಸೆತಕ್ಕೆ ಒಂಬತ್ತನೇ ವಿಕೆಟ್ ಬಿತ್ತು. ಉಳಿದದ್ದು ಒಂದು ಎಸೆತ, ಬೇಕಾದದ್ದು ಮೂರು ಓಟ. ಇವನು ಆರು ವರ್ಷದಿಂದ ಬ್ಯಾಟು ಮುಟ್ಟಿರಲಿಲ್ಲ. ಯಾರದೋ ಹೆಲ್ಮೆಟ್ಟು, ಇನ್ಯಾರದೋ ಪ್ಯಾಡು ಹಾಕಿಕೊಂಡು ನನ್ನ ಮೇಜಿನ ಮುಂದಿನಿಂದ ಹಾದುಹೋಗುವಾಗ, "ಸಾರ್, ಬ್ಯಾಟು ಹಿಡಿಯುದು ಈ ತುದಿಯಲ್ಲಿ ಅಲ್ವಾ?" ಎಂದ. ಯಾರೂ ನಗಲಿಲ್ಲ.

ಎದುರಾಳಿಯ ಬೌಲರ್ ಎತ್ತರದ ಪಂಜಾಬಿ, ಅತಿ ವೇಗ. ಇವನ ಹೊಡೆತ ಸೊಂಟದಿಂದ ಕೆಳಗೆ ಮಾತ್ರ ಎಂದು ಯಾರೋ ಹಳಬರು ಅವನಿಗೆ ಹೇಳಿರಬೇಕು. ಚೆಂಡನ್ನು ನೆಲಕ್ಕೆ ಬಲವಾಗಿ ಕುಟ್ಟಿದ. ಅದು ಚಾಪೆಯಿಂದ ಎದ್ದು ನೇರ ಮುಖಕ್ಕೆ ಬಂತು. ಇವನು ಬಗ್ಗಿ ತಪ್ಪಿಸಿಕೊಳ್ಳಲು ಹೋದ, ಕಣ್ಣು ಮುಚ್ಚಿಕೊಂಡೇ. ಚೆಂಡು ಬಲ ಹೆಗಲಿನ ಮೂಳೆಗೆ ಹೊಡೆದು, ಕೀಪರಿನ ತಲೆಯ ಮೇಲೆ ಹಾರಿ, ಗಟ್ಟಿ ಮರಳಿನಲ್ಲಿ ಎರಡು ಪುಟಿದು ಸುಣ್ಣದ ಗೆರೆ ದಾಟಿತು.

ಎಲ್ಲರೂ ಮೈದಾನಕ್ಕೆ ನುಗ್ಗಿದರು. ನಾನು ಅಂಪೈರನ್ನೇ ನೋಡುತ್ತಿದ್ದೆ. ಅವರು ಕಾಲೆತ್ತಿ ಮೊಣಕಾಲು ತಟ್ಟಿದರು, ಆಮೇಲೆ ಕೈ ಬೀಸಿ ಬೌಂಡರಿ ತೋರಿಸಿದರು. ನಾನು ಕೈ ಎತ್ತಿ ಕಂಡೆ ಎಂದು ತಿಳಿಸಿ, ಬರೆದು, ಕೂಡಿಸಿ, ಆಮೇಲೆ ಎದ್ದು ನಿಂತೆ. ಒಂದು ವಿಕೆಟ್ಟಿನಿಂದ ಗೆದ್ದಿದ್ದೆವು.

ಅವನು ಹೆಗಲು ಹಿಡಿದುಕೊಂಡು ಜನರ ನಡುವಿನಿಂದ ತೂರಿಕೊಂಡು ನನ್ನ ಹತ್ತಿರ ಬಂದ.

"ಸಾರ್, ನಾಲ್ಕು ಬರೆದ್ರಾ?"

"ಬರೆದೆ."

"ನನ್ನ ಹೆಸರಿಗಾ?"

"ಇಲ್ಲ. ಲೆಗ್ ಬೈ. ಮೈಗೆ ತಾಗಿ ಹೋದದ್ದು ಇತರೆ ಓಟಕ್ಕೆ ಸೇರುತ್ತದೆ. ನಿನ್ನ ಹೆಸರಿಗೆ ಸೊನ್ನೆ."

ಅವನು ಪುಸ್ತಕವನ್ನು ಬಗ್ಗಿ ನೋಡಿದ. "ಮತ್ತೆ ಹೆಗಲು ಯಾರದ್ದು ಸಾರ್, ಕಂಪನಿದ್ದಾ?"

ಭಾನುವಾರ ಮುದೀರ್ ನಮ್ಮಿಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಟ್ರೋಫಿ, ಟ್ರೋಫಿಯ ಪಕ್ಕ ನನ್ನ ಸ್ಕೋರ್ ಪುಸ್ತಕ. ಅಂದು ಕನ್ನಡಕ ಹಾಕಿಕೊಂಡಿದ್ದರು. ಪುಟದ ಮೇಲೆ ಬೆರಳು ಆಡಿಸುತ್ತ, "ಒಂದು ಓವರ್ ಹಾಕಿಲ್ಲ. ಒಂದು ರನ್ ಮಾಡಿಲ್ಲ. ಒಂದು ಕ್ಯಾಚ್ ಹಿಡಿದಿಲ್ಲ. ನಿನಗೆ ಯಾವುದಕ್ಕೆಂದು ಇಕಾಮಾ ಕೊಡಲಿ ಭಾಯಿ?" ಎಂದರು.

ಮಾಡಿದ ತಪ್ಪಿಗೆ ನಾನೇ ಮಾತಾಡಬೇಕೆಂದು ಎರಡು ವಾಕ್ಯ ಸಿದ್ಧ ಮಾಡಿಕೊಂಡು ಹೋಗಿದ್ದೆ. ಬಾಯಿ ತೆರೆಯುವ ಮೊದಲೇ ಅವನು ಹೇಳಿದ:

"ಗೆಲ್ಲಿಸಿದ್ರೆ ಅಂತ ಹೇಳಿದ್ದು ನೀವು ಮುದೀರ್. ಎಂತದರಿಂದ ಗೆಲ್ಲಿಸ್ಬೇಕು ಅಂತ ಹೇಳ್ಲಿಲ್ಲ."

ಮುದೀರ್ ಅವನನ್ನೇ ನೋಡಿದರು. ಮೊದಲು ಹೊಟ್ಟೆ ಅಲುಗಿತು, ಆಮೇಲೆ ಸದ್ದು ಬಂತು. ನಗು ನಿಲ್ಲಿಸಲಾಗದೆ ಟಿಶ್ಯೂ ತೆಗೆದು ಕಣ್ಣು ಒರೆಸಿಕೊಂಡರು. ಕಾಗದ ಎಳೆದುಕೊಂಡು, ಈ ಸಲ ಓದಿ, ಎರಡು ವರ್ಷಕ್ಕೆ ಸಹಿ ಹಾಕಿದರು.

"ಆದರೆ ಆಟ ಖಲಾಸ್. ಇವತ್ತಿನಿಂದ ಸ್ಟೋರು ಮಾತ್ರ. ಶುಕ್ರವಾರ ಮೈದಾನದಲ್ಲಿ ನೀನು ಕಾಣಬಾರದು." ನಾವು ಬಾಗಿಲ ತನಕ ಬಂದ ಮೇಲೆ ನನ್ನನ್ನೂ ಕರೆದರು. "ಚಾಚಾ, ನೀವೂ."

ಕಾರಿಡಾರಿನಲ್ಲಿ ಅವನು ಮಗಳಿಗೆ ಫೋನ್ ಮಾಡಿದ. ಬ್ಯಾರಿಯಲ್ಲಿ ಮಾತಾಡಿದ್ದರಿಂದ ನನಗೆ ಎಲ್ಲ ತಿಳಿಯಲಿಲ್ಲ. ನಡುವೆ ಒಂದು ಸಲ ಎಡಗೈಯಿಂದ ತನ್ನ ಬಲ ಹೆಗಲನ್ನು ಮೆಲ್ಲಗೆ ತಟ್ಟಿಕೊಂಡ.

ಅದರ ಮುಂದಿನ ಶುಕ್ರವಾರ ಬೆಳಗ್ಗೆ ಐದಕ್ಕೆ ಬಾಗಿಲು ತಟ್ಟಿದ ಸದ್ದು. ನಾನು ಆಗಲೇ ಎದ್ದು, ಮುಖ ಕ್ಷೌರ ಮಾಡಿಕೊಂಡು, ಬಟ್ಟೆ ಹಾಕಿಕೊಂಡು ಕುರ್ಚಿಯ ಮೇಲೆ ಸುಮ್ಮನೆ ಕೂತಿದ್ದೆ. ಅವನೂ ಸ್ನಾನ ಮಾಡಿ, ತಲೆ ಬಾಚಿ ಬಂದಿದ್ದ. ಎದುರಿಗೆ ಕೂತ. ಇಬ್ಬರೂ ಸ್ವಲ್ಪ ಹೊತ್ತು ಗಡಿಯಾರ ನೋಡಿದೆವು.

"ಸಾರ್, ಶುಕ್ರವಾರ ಬೆಳಗ್ಗೆ ಜನ ಎಂತ ಮಾಡ್ತಾರೆ?"

ನನಗೆ ಗೊತ್ತಿರಲಿಲ್ಲ. ನನ್ನ ಹೆಂಡತಿಗೆ ಗೊತ್ತಿತ್ತು. ಉಪ್ಪಿಟ್ಟು ತಿನ್ನಿಸಿ, ಇಬ್ಬರ ಕೈಗೂ ಒಂದೊಂದು ಚೀಲ ಕೊಟ್ಟು, "ತರಕಾರಿ ತರ್ತಾರೆ" ಎಂದಳು.

ಮಾರುಕಟ್ಟೆಯಲ್ಲಿ ಒಂದು ಗಂಟೆ ಸುತ್ತಿದೆವು. ಅಂದು ನಾವು ತಂದ ಬದನೆಕಾಯಿಯಲ್ಲಿ ಅರ್ಧಕ್ಕರ್ಧ ಹುಳುಕು. ಅವಳು ಒಂದನ್ನು ಕತ್ತರಿಸಿ ಬೆಳಕಿಗೆ ಹಿಡಿದು, "ಇದನ್ನ ಆರಿಸಿದ್ದು ಯಾರು?" ಎಂದು ಕೇಳಿದಳು. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ.

ಮರುವಾರವೂ ಐದಕ್ಕೇ ಬಂದ. ಚೀಲ ಅವನೇ ತಂದಿದ್ದ.